ಆ ಗೂಡನ್ನು ಮುಟ್ಟಬೇಡ, ಪುಟ್ಟಿ

ಪುಟ್ಟಿ,

ನೀನು ಹೋಗಿ ಮೂರು ವಾರವಾಯಿತು. ಹೊರಡುವ ದಿನ ನಾವಿಬ್ಬರೂ ಏನೇನು ಅಂದುಕೊಂಡೆವೋ ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನೆ ನೀನು ಕಳಿಸಿದ ಫೋಟೋ ನೋಡಿದೆ. ಕಿಟಕಿಯಾಚೆ ನಾಲ್ಕು ಕಡ್ಡಿ, ಎರಡು ಬಿಳಿ ಮೊಟ್ಟೆ. 'ಅಪ್ಪಾ, ಇದು ಬಿದ್ದುಹೋಗತ್ತೆ. ಅವತ್ತು ನೀನು ಮಾಡಿದ ಹಾಗೆ ರಟ್ಟಿನ ಡಬ್ಬದಲ್ಲಿ ಇಡಲಾ?' ಅಂತ ಕೇಳಿದ್ದೀಯ.

ಮುಟ್ಟಬೇಡ ಅಂತ ಫೋನಿನಲ್ಲೇ ಹೇಳಿದೆ. ಯಾಕೆ ಅಂತ ಹೇಳಲು ನಾಲಿಗೆ ಏಳಲಿಲ್ಲ.

ನಿನಗಾಗ ಎಂಟು ವರ್ಷ. ಬಾಲ್ಕನಿಯ ಪೈಪಿನ ಮೂಲೆಯಲ್ಲಿ ಬೆಳವಕ್ಕಿ ಗೂಡು ಕಟ್ಟಿತ್ತು. ಗಂಡು ಒಂದೊಂದೇ ಕಡ್ಡಿ ಕಚ್ಚಿಕೊಂಡು ಬರುತ್ತಿತ್ತು, ಹೆಣ್ಣು ಕೂತಲ್ಲೇ ಅದನ್ನು ಹೊಟ್ಟೆಯಡಿಗೆ ಸಿಕ್ಕಿಸಿಕೊಳ್ಳುತ್ತಿತ್ತು. ಅದೊಂದು ಗೂಡಾ? ಕೆಳಗೆ ನಿಂತರೆ ಕಡ್ಡಿಗಳ ಸಂದಿಯಿಂದ ಮೊಟ್ಟೆ ಕಾಣುತ್ತಿತ್ತು. ನೀನು ರಜೆಗೆ ಅಜ್ಜಿ ಮನೆಗೆ ಹೋದ ವಾರವೇ ಜೋರು ಗಾಳಿ ಬೀಸಿತು. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ತಾಯಿ ಹಕ್ಕಿಯನ್ನು ಎಬ್ಬಿಸಿ, ಡಬ್ಬದಲ್ಲಿ ಹತ್ತಿ ಹಾಸಿ, ಮೊಟ್ಟೆಗಳನ್ನು ಅದರಲ್ಲಿಟ್ಟೆ. ಡಬ್ಬವನ್ನು ಗೋಡೆಯಲ್ಲಿದ್ದ ಮಾಡದೊಳಗೆ ಇಟ್ಟೆ. ಹಳೆಯ ಜಾಗಕ್ಕೆ ಎರಡು ಮೊಳ ದೂರ, ಅಷ್ಟೇ.

ಹಕ್ಕಿ ಬಂತು. ಡಬ್ಬದ ಕಡೆ ತಿರುಗಿಯೂ ನೋಡಲಿಲ್ಲ. ಖಾಲಿ ಪೈಪಿನ ಮೂಲೆಗೆ ಹೋಗಿ, ಎದೆ ತಗ್ಗಿಸಿ, ಮೊಟ್ಟೆ ಇದೆಯೋ ಎಂಬಂತೆ ಕೂತಿತು. ಕತ್ತಿನ ಕಪ್ಪು ಚುಕ್ಕೆಗಳು ಉಸಿರಿನ ಜೊತೆ ಏರಿಳಿಯುತ್ತಿದ್ದವು. ಎದ್ದಿತು, ಅಡಿಯಲ್ಲಿ ನೋಡಿತು, ಮತ್ತೆ ಕೂತಿತು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಲೇ ಇದ್ದೆ. ಅದಕ್ಕೆ ಗೊತ್ತಿದ್ದದ್ದು ಜಾಗ, ಪುಟ್ಟಿ. ಮರುದಿನ ಎಲ್ಲವನ್ನೂ ಮೊದಲಿನ ಹಾಗೇ ಇಟ್ಟೆ. ಮೊಟ್ಟೆ ತಣ್ಣಗಾಗಿದ್ದವು. ಹಕ್ಕಿಗಳು ಮತ್ತೆ ಬರಲಿಲ್ಲ. ಮೊಟ್ಟೆಗಳನ್ನು ಹೂಕುಂಡದ ಮಣ್ಣಿನಲ್ಲಿ ನಾನೇ ಹೂತೆ.

ನೀನು ಬಂದು ಕೇಳಿದಾಗ, ಡಬ್ಬದಲ್ಲಿ ಬೆಚ್ಚಗೆ ಬೆಳೆದು ಹಾರಿಹೋದವು ಅಂದೆ. ನೀನು ಚಪ್ಪಾಳೆ ತಟ್ಟಿದೆ. ಎರಡು ಮರಿಗಳ ಚಿತ್ರ ಬರೆದು, ಮಧ್ಯೆ ಕನ್ನಡಕದ ಅಪ್ಪನನ್ನು ನಿಲ್ಲಿಸಿದೆ. ಆ ಚಿತ್ರ ಇನ್ನೂ ಬೀರುವಿನಲ್ಲಿದೆ. ತೆಗೆದು ನೋಡುವ ಧೈರ್ಯವಿಲ್ಲ, ಎಸೆಯಲೂ ಆಗಿಲ್ಲ. ನಿನ್ನ ಗೆಳತಿಯರಿಗೆಲ್ಲ ನೀನು ಆ ಕಥೆ ಹೇಳುವಾಗ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಗಮನಿಸಿದ್ದೀಯೋ ಇಲ್ಲವೋ. ತಪ್ಪಾಯಿತು.

ಈಗ ಸರಿಯಾಗಿ ಕೇಳಿಸಿಕೋ. ಫೋಟೋದಲ್ಲಿರುವುದು ಪುಟ್ಟ ಕಂದು ಬೆಳವ. ಕತ್ತಿನ ಹಿಂದೆ ಕಪ್ಪು ಪಟ್ಟಿಯ ಮೇಲೆ ಬಿಳಿ ಚುಕ್ಕೆಗಳಿದ್ದಿದ್ದರೆ ಚುಕ್ಕೆ ಬೆಳವ ಅನ್ನಬಹುದಿತ್ತು. ಇದರ ದನಿ ಮೆಲ್ಲಗೆ ನಕ್ಕ ಹಾಗೆ ಕೇಳುತ್ತದೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. 13ರಿಂದ 15 ದಿನಕ್ಕೆ ಮರಿ, ಆಮೇಲೆ ಇನ್ನೆರಡು ವಾರದಲ್ಲಿ ಹಾರುತ್ತವೆ. ನೀನು ಹತ್ತಿರ ಹೋದರೆ ದೊಡ್ಡ ಹಕ್ಕಿ ರೆಕ್ಕೆ ಮುರಿದ ಹಾಗೆ ಒದ್ದಾಡಬಹುದು. ಎತ್ತಿಕೊಳ್ಳಲು ಹೋಗಬೇಡ, ನಿನ್ನನ್ನು ಗೂಡಿನಿಂದ ದೂರ ಸೆಳೆಯಲು ಹಾಗೆ ಮಾಡುತ್ತದೆ. ಮರಿಗಳ ಬಾಯಿಗೆ ಅಕ್ಕಿ, ಹಾಲು, ನೀರು ಏನನ್ನೂ ಹಾಕಬೇಡ. ಮೊದಲ ದಿನಗಳಲ್ಲಿ ಗಂಟಲ ಚೀಲದಲ್ಲಿ ಊರುವ ಹಾಲಿನಂಥದ್ದನ್ನೇ ದೊಡ್ಡ ಹಕ್ಕಿಗಳು ಕುಡಿಸುತ್ತವೆ. ಮರಿ ತನ್ನ ಕೊಕ್ಕನ್ನು ದೊಡ್ಡದರ ಬಾಯೊಳಗೆ ತೂರಿಸಿ ಕುಡಿಯುತ್ತದೆ. ತಾಯಿ ಮಾತ್ರ ಅಲ್ಲ, ತಂದೆಯೂ ಕುಡಿಸುತ್ತದೆ. ಇದನ್ನು ಓದಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ನೋಡು, ಮತ್ತೆ ಪಾಠ ಶುರುಮಾಡಿದೆ. ಅಮ್ಮ ಪಕ್ಕದಲ್ಲೇ ಕೂತು 'ಸಾಕು' ಅಂತಿದ್ದಾಳೆ. ಇನ್ನೊಂದೇ ಮಾತು. ಇವು ಎಂಥ ಕಡೆಯೂ ಬದುಕುತ್ತವೆ. ಆಫ್ರಿಕಾದಿಂದ ಭಾರತದವರೆಗೆ ಇವೆ. 1898ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬಿಟ್ಟವು ಅಲ್ಲೂ ನೆಲೆಯೂರಿವೆ. ಹೆಚ್ಚೂಕಡಿಮೆ ನೂರು ಗ್ರಾಂ ತೂಗುವ ಹಕ್ಕಿ, ಅಷ್ಟೇ.

ನಿನಗೆ ತಿಳಿಸದೆ ನಿನ್ನ ರೂಮು ಬಿಡಿಸಿ, ಗೊತ್ತಿದ್ದವರ ಮನೆಯಲ್ಲಿ ಇರಿಸಲು ಓಡಾಡಿದೆನಲ್ಲ, ಅದೂ ತಪ್ಪೇ. ನೀನೇ ಹುಡುಕಿದ ರೂಮು, ನೀನೇ ಗಿಟ್ಟಿಸಿದ ಕೆಲಸ. ಇಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೇನೆ. ನಿನಗೆ ಮಾತ್ರ ಹೇಳಿರಲಿಲ್ಲ. ಆದರೂ ಭಯ ಹೋಗಿಲ್ಲ. ಸುಳ್ಳು ಹೇಳಲಾರೆ.

ಮರಿ ಹಾರುವವರೆಗೆ ಆ ಕಿಟಕಿ ತೆಗೆಯಬೇಡ. ಅಂದ ಹಾಗೆ, ನಿನ್ನ ರೂಮಿನಲ್ಲಿ ಇನ್ನೊಂದು ಕಿಟಕಿ ಇದೆಯಾ? ಗಾಳಿ ಬರುತ್ತಾ?

ಅಪ್ಪ