ಶನಿವಾರದ ಮೀಟಿಂಗಿಗೆ ಮೊದಲು

ದಾವಣಗೆರೆ

ಚಿ. ಪುಟ್ಟೂಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮೊನ್ನೆ ನಿನ್ನ ಅಮ್ಮ ಬಂದಿದ್ದಳು. ಚಿತ್ರದುರ್ಗದ ನಿಮ್ಮ ಆಸ್ಪತ್ರೆಯಲ್ಲಿ ಶನಿವಾರ ಶನಿವಾರ ಎಲ್ಲರೂ ಕೂತು, ಎಕ್ಸ್‌ರೇ, ಸ್ಕ್ಯಾನ್ ಓದುವಾಗ ಕಣ್ಣಿಗೆ ತಪ್ಪಿಹೋದ ಕೇಸುಗಳನ್ನು ನೋಡಬೇಕಂತೆ, ಅದನ್ನು ನಡೆಸುವ ಕೆಲಸ ನಿನಗೆ ಬಂದಿದೆಯಂತೆ. ಕೇಳಿ ತುಂಬಾ ಖುಷಿಯಾಯ್ತು. ಆದರೆ ಯಾರು ಎಷ್ಟು ತಪ್ಪು ಓದಿದರು ಅಂತ ಪಟ್ಟಿ ಮಾಡಿ ಡಿಪಾರ್ಟ್‌ಮೆಂಟಿನ ಗೋಡೆಗೆ ಅಂಟಿಸುವ ಯೋಚನೆಯೂ ಇದೆ ಅಂದಳು. ಆ ಪಟ್ಟಿ ಬೇಡ ಮಗಾ. ಫೋನಿನಲ್ಲೇ ಹೇಳಬಹುದಿತ್ತು. ಇದರ ಹಿಂದೆ ನಾನು ಮನೆಯಲ್ಲಿ ಯಾರಿಗೂ ಹೇಳದ ಒಂದು ವಿಷಯ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿ ಆರನೇ ವರ್ಷ. ಎಕ್ಸ್‌ರೇ ಫಿಲ್ಮಿನ ಕಾಲ ಅದು. ಅವಸರದ ಕೇಸಾದರೆ ಡಾರ್ಕ್ ರೂಮಿನಿಂದ ಒದ್ದೆ ಫಿಲ್ಮನ್ನೇ ತಂದು ಹಿಡಿಯುತ್ತಿದ್ದರು, ದಾರಿಯುದ್ದಕ್ಕೂ ಹನಿ ಬೀಳುತ್ತಿತ್ತು. ಹತ್ತಿ ಮಿಲ್ಲಿನ ಕೆಲಸಗಾರನೊಬ್ಬ ಸೈಕಲ್ಲಿನಿಂದ ಬಿದ್ದು, ಎದೆ ನೋವು ಅಂತ ಬಂದಿದ್ದ. ಬಲಗಡೆ ಏಳನೇ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಸಣ್ಣ ಬಿರುಕು, ಕಣ್ಣಿಗೆ ಬಿತ್ತಲ್ಲ ಅಂತ ಸಮಾಧಾನ ನನಗೆ. ಬರೆದೆ, ಸಹಿ ಹಾಕಿದೆ, ಮುಂದಿನ ಫಿಲ್ಮ್ ಎತ್ತಿಕೊಂಡೆ. ಎಡಗಡೆ ಕಾಲರ್ ಮೂಳೆಯ ಹಿಂದೆ, ಶ್ವಾಸಕೋಶದ ನೆತ್ತಿಯಲ್ಲಿ, ಹುಣಸೆ ಬೀಜದಷ್ಟು ಒಂದು ಮಸುಕು ಇತ್ತು. ಅದು ನನಗೆ ಕಾಣಲಿಲ್ಲ. ಹನ್ನೊಂದು ತಿಂಗಳ ಮೇಲೆ ಆತ ಕೆಮ್ಮುತ್ತಾ ಬಂದ. ಆಗ ಅದು ನಿಂಬೆಹಣ್ಣಿನಷ್ಟಾಗಿತ್ತು.

ನಮ್ಮ ಹಿರಿಯರೊಬ್ಬರು ಹಳೇ ಕವರ್ ತರಿಸಿ, ಎರಡೂ ಫಿಲ್ಮನ್ನು ಹಿಂದಿನಿಂದ ಬೆಳಕು ಬರುವ ವ್ಯೂ ಬಾಕ್ಸಿಗೆ ಪಕ್ಕಪಕ್ಕ ಹಾಕಿದರು. "ಯಾರ್ರೀ ಇದನ್ನ ಓದಿದ್ದು?" ಅಂತ ಕೂಗಿದರು. ಟೆಕ್ನಿಷಿಯನ್‌ಗಳು, ಪಿಜಿ ಹುಡುಗರು, ಬಾಗಿಲಲ್ಲಿ ಕಾಯುತ್ತಿದ್ದ ರೋಗಿಗಳು, ಎಲ್ಲರೂ ತಿರುಗಿ ನೋಡಿದರು. ಸಹಿ ನನ್ನದೇ. ತಲೆ ತಗ್ಗಿಸಿ ನಿಂತೆ. ಕಾಲರ್ ಮೂಳೆಯ ಹಿಂದೆ ಎಷ್ಟು ಸುಲಭವಾಗಿ ತಪ್ಪಿಹೋಗುತ್ತದೆ ಅಂತ ಅವತ್ತು ಯಾರೂ ಮಾತಾಡಲಿಲ್ಲ. ಎರಡೇ ತಿಂಗಳಿಗೆ ನಮ್ಮ ಜೂನಿಯರ್ ಒಬ್ಬ ಅದೇ ಜಾಗದಲ್ಲಿ ಇನ್ನೊಂದನ್ನು ಬಿಟ್ಟ. ಆಮೇಲೆ ಅವನಿಗೇ ಗೊತ್ತಾಯ್ತು. ಆದರೂ ಬಾಯಿ ಬಿಡಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಾಗ ಹೇಳಿದ. "ನಿಮಗಾದದ್ದು ನೋಡಿದ್ದೆನಲ್ಲ ಮೇಡಂ" ಅಂದ. ನನಗೆ ತುತ್ತು ಇಳಿಯಲಿಲ್ಲ.

ಒಂದು ಸಿಕ್ಕಿದ ಕೂಡಲೇ ಕಣ್ಣು ಹುಡುಕುವುದನ್ನು ಬಿಡುತ್ತದೆ. ಇದಕ್ಕೆ ಬೈದರೆ ಏನು ಬಂತು? ಆ ಗೊರಿಲ್ಲಾ ಪರೀಕ್ಷೆ ನಿನಗೂ ಗೊತ್ತಿರಬೇಕು. 2013ರಲ್ಲಿ ಅಮೆರಿಕದಲ್ಲಿ 24 ರೇಡಿಯಾಲಜಿಸ್ಟರಿಗೆ ಎದೆಯ ಸಿ.ಟಿ. ಕೊಟ್ಟು ಶ್ವಾಸಕೋಶದ ಗಂಟು ಹುಡುಕಿ ಅಂದರು. ಒಳಗೆ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು, ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದು. 20 ಜನಕ್ಕೆ ಕಾಣಲೇ ಇಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ನೇರ ಅದರ ಮೇಲೇ ಹೋಗಿತ್ತು. ಇವರೆಲ್ಲ ದಿನಾ ಇದೇ ಕೆಲಸ ಮಾಡುವವರು. ಹಾಗಿರುವಾಗ ನಿನ್ನ ಪಟ್ಟಿಯಲ್ಲಿ ಬೀಳುವ ಹೆಸರು ಯಾರದಾದರೂ ಆಗಬಹುದು, ಅಲ್ವಾ?

ಅಂಕ ಕೊಡುವ ಪದ್ಧತಿಯನ್ನೂ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ 2002ರಲ್ಲಿ ರ‍್ಯಾಡ್‌ಪಿಯರ್ ಅನ್ನುವ ಪದ್ಧತಿ ಶುರುವಾಯಿತು. ಒಬ್ಬರು ಓದಿದ್ದನ್ನು ಇನ್ನೊಬ್ಬರು ನೋಡಿ ಆಗ 1ರಿಂದ 4ರವರೆಗೆ ಅಂಕ ಹಾಕಬೇಕಿತ್ತು. 1 ಅಂದರೆ ಒಪ್ಪಿಗೆ. ದಿನಾ ಜೊತೆಗೆ ಕೂತು ಚಹಾ ಕುಡಿಯುವವರಿಗೆ 4 ಹಾಕಲು ಕೈ ಬರುತ್ತದಾ? ಎಲ್ಲ ಕಡೆ 1ರ ಮೇಲೆ 1 ಬಿತ್ತು, ಕಲಿಯಲು ಹೆಚ್ಚೇನೂ ಉಳಿಯಲಿಲ್ಲ. ಆಮೇಲೆ ಎಷ್ಟೋ ಡಿಪಾರ್ಟ್‌ಮೆಂಟುಗಳು ಅಂಕ ಬಿಟ್ಟು, ಕೇಸು ಇಟ್ಟುಕೊಂಡು ಕಲಿಯುವ ದಾರಿ ಹಿಡಿದವು.

ನೀನೂ ಹಾಗೇ ಮಾಡು. ಪರದೆಯ ಮೇಲೆ ರೋಗಿಯ ಹೆಸರೂ ಬೇಡ, ಓದಿದವರ ಹೆಸರೂ ಬೇಡ. ಆದರೆ ಓದಿದವರಿಗೆ ಹಿಂದಿನ ದಿನವೇ ನೀನೇ ಹೋಗಿ, ಬಾಗಿಲು ಹಾಕಿಕೊಂಡು ಹೇಳು. ಮೀಟಿಂಗಿನಲ್ಲಿ ದಿಢೀರ್ ಅಂತ ತಮ್ಮ ಕೇಸು ಕಂಡರೆ ಎದೆ ಒಡೆಯುತ್ತದೆ. ಏನಾಯ್ತು ಅಂತ ಕೇಳು, ಯಾರು ಅಂತ ಕೇಳಬೇಡ. ರಾತ್ರಿ ಡ್ಯೂಟಿಯ ಕೊನೆಯ ಕೇಸಾ? ನಡುವೆ ಎಷ್ಟು ಸಲ ಫೋನ್ ಬಂತು? ಹಳೇ ಸ್ಕ್ಯಾನ್ ಸಿಕ್ಕಿತ್ತಾ? ಚೀಟಿಯಲ್ಲಿ ಸುಮ್ನೆ "ಎದೆ ನೋವು" ಅಂತ ಮಾತ್ರ ಬರೆದಿತ್ತಾ? ಯಾರಾದರೂ ಕಷ್ಟದ್ದನ್ನು ಹಿಡಿದಿದ್ದರೆ ಅದನ್ನೂ ತೋರಿಸು. ಅಲ್ಲಿ ಮಾತ್ರ ಹೆಸರು ಹೇಳು, ಗಟ್ಟಿಯಾಗಿ ಹೇಳು.

ಟೆಕ್ನಿಷಿಯನ್‌ಗಳನ್ನು ಖಂಡಿತ ಕೂರಿಸಿಕೋ. ಎಡ ಬಲದ ಮಾರ್ಕರ್ ಅದಲುಬದಲಾದದ್ದು ಮೊದಲು ಗೊತ್ತಾಗುವುದು ಅವರಿಗೆ. ನಮ್ಮ ಕಡೆ ಒಂದೇ ದಿನ ಇಬ್ಬರು ಬಸವರಾಜಪ್ಪ ಬರುತ್ತಾರೆ, ಒಬ್ಬರ ಫಿಲ್ಮ್ ಇನ್ನೊಬ್ಬರ ಕವರಿಗೆ ಹೋಗುತ್ತದೆ. ಬೈಗುಳ ಬೀಳುತ್ತದೆ ಅಂದರೆ ಅವರು ಯಾಕೆ ಹೇಳಿಯಾರು?

ಒಂದು ವಿಷಯದಲ್ಲಿ ಮೆತ್ತಗಾಗಬೇಡ. ತಪ್ಪು ಗೊತ್ತಾದ ದಿನವೇ ಆ ರೋಗಿಯನ್ನು ನೋಡುತ್ತಿರುವ ಡಾಕ್ಟರಿಗೆ ಫೋನ್ ಹೋಗಬೇಕು, ವರದಿ ತಿದ್ದಬೇಕು. ಶನಿವಾರದವರೆಗೆ ಕಾಯುವ ಹಾಗಿಲ್ಲ. ಸ್ಕ್ಯಾನ್ ತೆರೆದೇ ನೋಡದೆ ವರದಿ ಕೊಡುವವರು, ಕುಡಿದು ಬರುವವರು ಇದ್ದರೆ ಅದು ಈ ಮೀಟಿಂಗಿನ ವಿಷಯ ಅಲ್ಲ. ನೇರವಾಗಿ ಹೆಚ್.ಓ.ಡಿ. ಹತ್ತಿರ ಹೋಗು.

ಮೊದಲ ಶನಿವಾರ ಯಾರೂ ತಮ್ಮ ಕೇಸು ತರುವುದಿಲ್ಲ. ನೀನೇ ನಿನ್ನದೊಂದನ್ನು ಹಾಕು. ಅದರ ಜೊತೆ ನನ್ನದನ್ನೂ ಹಾಕು. ಆ ಫಿಲ್ಮಿನ ಕಾಪಿಯೊಂದು ನನ್ನ ಹತ್ತಿರ ಇದೆ. ರೋಗಿಯ ಹೆಸರಿದ್ದ ಮೂಲೆಯನ್ನು ಕತ್ತರಿಸಿದ್ದೇನೆ. ಅಮ್ಮನ ಕೈಲಿ ಕಳಿಸುತ್ತೇನೆ. ನಿಮ್ಮಲ್ಲಿ ವ್ಯೂ ಬಾಕ್ಸ್ ಇಲ್ಲದಿದ್ದರೆ ಕಿಟಕಿ ಬೆಳಕಿಗೆ ಹಿಡಿ. ಪಕ್ಕೆಲುಬಿನ ಬಿರುಕು ತೋರಿಸಿ, ಎಲ್ಲರೂ ಹ್ಞೂಂ ಅಂದ ಮೇಲೆ, ಇನ್ನೇನಾದರೂ ಇದೆಯಾ ಅಂತ ಕೇಳು. ಓದಿದ್ದು ನಮ್ಮ ದೊಡ್ಡಮ್ಮ ಅಂತ ಹೇಳು, ನನ್ನ ಒಪ್ಪಿಗೆ ಇದೆ.

ಇಂತಿ,
ನಿನ್ನ ದೊಡ್ಡಮ್ಮ