ನಿತ್ಯಪುಷ್ಪದ ರಸ ಕುಡಿಸಬೇಡ

ಚಿ. ಸೌ. ಸುಮಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಪುಟ್ಟನಿಗೆ ರಕ್ತದ ಕ್ಯಾನ್ಸರ್‌ಗೆಂದು ಕೊಡುತ್ತಿರುವ ವಿನ್‌ಕ್ರಿಸ್ಟೀನ್ ಚುಚ್ಚುಮದ್ದು ನಿತ್ಯಪುಷ್ಪದಿಂದ ಬಂದದ್ದೆಂದು ತಿಳಿದು, ಅಂಗಳದ ಗಿಡದ ಎಲೆಯನ್ನೂ ಅರೆದು ಕುಡಿಸಬಹುದೇ ಎಂದು ಕೇಳಿದ್ದೆ. ಒಂದು ಚಮಚವೂ ಬೇಡ, ಮಗಳೇ.

ಔಷಧ ಆ ಗಿಡದ್ದೇ ಎಂಬುದು ನಿಜ. ಮಡಗಾಸ್ಕರ್ ಮೂಲದ ಈ ಗಿಡದ ಎಲೆಯನ್ನು ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಬಳಸುತ್ತಿದ್ದರು. ಅದನ್ನು ಪರೀಕ್ಷಿಸಿದ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರಿಗೆ ಸಕ್ಕರೆ ಇಳಿದದ್ದು ಕಾಣಲಿಲ್ಲ, ಇಲಿಗಳ ರಕ್ತದಲ್ಲಿ ಬಿಳಿ ಕಣಗಳು ಕುಸಿದದ್ದು ಕಂಡಿತು. ಹಾಗೆ ಮೊದಲು ಅದೇ ಗಿಡದಿಂದ ವಿನ್‌ಬ್ಲಾಸ್ಟಿನ್ ಎಂಬ ಇನ್ನೊಂದು ಕ್ಯಾನ್ಸರ್ ಮದ್ದು ದೊರೆಯಿತು, ಆಮೇಲೆ ದೊರೆತ ವಿನ್‌ಕ್ರಿಸ್ಟೀನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು, ಎಲೆಯಲ್ಲಿ ಬೇರೆ ಆಲ್ಕಲಾಯ್ಡುಗಳೂ, ಅಂದರೆ ಮೈಮೇಲೆ ಪರಿಣಾಮ ಮಾಡುವ ಗಿಡದ ರಾಸಾಯನಿಕಗಳೂ, ಹತ್ತಾರಿವೆ. ಮಗುವಿನ ಎತ್ತರ, ತೂಕ ನೋಡಿ, ಮೈಯ ಚದರ ಮೀಟರಿಗೆ ಸಾಮಾನ್ಯವಾಗಿ 1.5 ಮಿಲಿಗ್ರಾಂನಂತೆ, ಒಟ್ಟು 2 ಮಿಲಿಗ್ರಾಂ ಮೀರದ ಹಾಗೆ ವೈದ್ಯರು ಅಳೆದು ಕೊಡುವ ಮದ್ದಿನ ಜೊತೆಗೆ, ಅಳತೆಯೇ ಇಲ್ಲದ ರಸವನ್ನು ಸೇರಿಸುವುದು ಅಪಾಯ.

ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಹಂಚುವ ಸೂಕ್ಷ್ಮ ಎಳೆಗಳು ಕಟ್ಟಿಕೊಳ್ಳದಂತೆ ಈ ಮದ್ದು ತಡೆಯುತ್ತದೆ. ಅಂಥ ಎಳೆಗಳು ನರಗಳಿಗೂ ಬೇಕಾದ್ದರಿಂದ ಅದರ ಪೆಟ್ಟು ನರಗಳಿಗೂ ಬೀಳುತ್ತದೆ. ಆದ್ದರಿಂದ ನೀನು ಗಮನಿಸಬೇಕಾದದ್ದು ಅವನ ಕೈಕಾಲುಗಳನ್ನು. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರುತ್ತಿದ್ದರೆ, ಮೆಟ್ಟಿಲಿಗೆ ಬೆರಳು ತಾಗಿ ಎಡವಿದರೆ, ಅಂಗಿಯ ಗುಂಡಿ ಹಾಕಲು ತಡವರಿಸಿದರೆ, ದವಡೆ ನೋವೆಂದು ಊಟ ಬಿಟ್ಟರೆ ಹಟವೆಂದು ಗದರದೆ ವೈದ್ಯರಿಗೆ ಹೇಳು. ಮಲಬದ್ಧತೆಯಂತೂ ಬರುವುದೇ ಹೆಚ್ಚು, ಅವರು ಬರೆದುಕೊಟ್ಟ ಔಷಧವನ್ನು ತಪ್ಪಿಸಬೇಡ, ಹೊಟ್ಟೆ ಉಬ್ಬಿ ನೋಯುತ್ತಿದ್ದರೆ ಕಾಯಬೇಡ.

ಮದ್ದು ಹರಿಯುವಾಗ ಸೂಜಿಯ ಸುತ್ತ ಉರಿಯುತ್ತದೆಂದು ಅವನು ಅತ್ತರೆ ಆ ಕ್ಷಣವೇ ನರ್ಸನ್ನು ಕರೆ, ಏಕೆಂದರೆ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯಬಹುದು. ಬೆನ್ನುಹುರಿಯ ದ್ರವಕ್ಕೆ ಕೊಡುವ ಚುಚ್ಚುಮದ್ದು ಬೇರೆಯೇ. ವಿನ್‌ಕ್ರಿಸ್ಟೀನ್ ಅಲ್ಲಿಗೆ ತಪ್ಪಿ ಸೇರಿದರೆ ಪ್ರಾಣಕ್ಕೇ ಎರವಾಗುತ್ತದೆ. ಅದಕ್ಕಾಗಿಯೇ ಆಸ್ಪತ್ರೆಯವರು ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಕೊಡುವುದಾದರೆ ಅಲೆದಾಟವಾಯಿತೆಂದು ಬೇಸರಿಸಬೇಡ.

ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್, ವೊರಿಕೊನಜೋಲ್‌ನಂಥ ಮಾತ್ರೆಗಳು ಇದರ ವಿಷತ್ವವನ್ನು ಹೆಚ್ಚಿಸುತ್ತವೆ. ಊರಿನ ವೈದ್ಯರು ಏನೇ ಬರೆದರೂ, ಅಜ್ಜಿ ಏನೇ ಕಷಾಯ ಕಾಯಿಸಿದರೂ, ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಕೊಡು.

ಇತಿ,
ನಿನ್ನ ದೊಡ್ಡಮ್ಮ