ತುಂಬಿದ ಕೆರೆಗಳ ಮೇಲೆ ಚಂಡಮಾರುತದ ಮಳೆ: ಕೋಡಿ ಕಾಯುವವರು ಯಾರು?

ಮಾನ್ಯ ಸಂಪಾದಕರೇ,

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದಾಗಲೆಲ್ಲ ಕೋಲಾರ ಜಿಲ್ಲೆಯ ನಾವು, ಅದು ಸಮುದ್ರದ ದಂಡೆಯವರ ಕಷ್ಟ, ನಮಗೆ ಬರುವುದು ಎರಡು ದಿನದ ಜಡಿಮಳೆ ಅಷ್ಟೇ ಎಂದುಕೊಂಡು ಸುಮ್ಮನಾಗುತ್ತೇವೆ. ಗಾಳಿಯ ಮಟ್ಟಿಗೆ ಆ ಮಾತು ಬಹುಪಾಲು ನಿಜ. ನೆಲ ಮುಟ್ಟಿದ ಚಂಡಮಾರುತಕ್ಕೆ ಕಡಲಿನ ತೇವದ ಆಸರೆ ತಪ್ಪಿ, ಗಾಳಿಯ ರಭಸ ಬೇಗ ಇಳಿಯುತ್ತದೆ. ಮಳೆ ಹಾಗಲ್ಲ. ಚೆನ್ನೈ ಕರಾವಳಿಯಿಂದ ಕೋಲಾರಕ್ಕೆ ನೇರ ದೂರ 250 ಕಿ.ಮೀ. ಕೂಡ ಇಲ್ಲ. 2021ರ ನವೆಂಬರ್ 19ರಂದು ಪುದುಚೇರಿ ಮತ್ತು ಚೆನ್ನೈ ನಡುವೆ ದಡ ದಾಟಿದ್ದು ಹೆಸರಿಡುವಂಥ ಚಂಡಮಾರುತವೂ ಆಗಿರಲಿಲ್ಲ, ಬರೀ ವಾಯುಭಾರ ಕುಸಿತವಾಗಿತ್ತು. ಆದರೂ ಆ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲೂ ಪಕ್ಕದ ಚಿಕ್ಕಬಳ್ಳಾಪುರದಲ್ಲೂ ಕೊಯ್ದು ಹಾಕಿದ್ದ ರಾಗಿ ಹೊಲದಲ್ಲೇ ಮೊಳೆಯಿತು, ಕೆರೆಗಳು ಕೋಡಿ ಹರಿದವು, ಹಳೆಯ ಮನೆಗಳು ಕುಸಿದವು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಚಂಡಮಾರುತಗಳ ಕಾಲ. ಅದಕ್ಕೆ ಮೊದಲೇ ಆಗಬೇಕಾದ ಕೆಲಸದ ಬಗ್ಗೆ ಈ ಪತ್ರ.

ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿಲ್ಲ. ಇರುವುದು ಎರಡು ಸಾವಿರಕ್ಕೂ ಹೆಚ್ಚು ಕೆರೆಗಳು. ಒಂದರ ಕೋಡಿ ನೀರು ಇನ್ನೊಂದರ ಒಡಲು ಸೇರುವಂತೆ ಹಿರಿಯರು ಇವನ್ನು ಸರಣಿಯಾಗಿ ಕಟ್ಟಿದರು. ಬಹಳ ವರ್ಷ ಈ ಕೆರೆಗಳು ಒಣಗಿಯೇ ಇದ್ದುದರಿಂದ ಎಷ್ಟು ಮಳೆ ಬಂದರೂ ಅದನ್ನು ನುಂಗಿಕೊಳ್ಳುವಷ್ಟು ಜಾಗ ಅವುಗಳಲ್ಲಿತ್ತು. 2018ರಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದೊಂದಾಗಿ ಕೆಳಗಿನ ಕೆರೆಗಳಿಗೆ ಹರಿದ ಮೇಲೆ ಆ ಲೆಕ್ಕ ಬದಲಾಗಿದೆ. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡದ್ದನ್ನು ನಾನೂ ಸಂತೋಷದಿಂದ ನೋಡಿದ್ದೇನೆ. ಆ ನೀರಿನ ಗುಣದ ಚರ್ಚೆ ಬೇರೆಯೇ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಮೊದಲೇ ಮುಕ್ಕಾಲು ತುಂಬಿರುವ ಕೆರೆಯ ಮೇಲೆ ಒಂದೇ ರಾತ್ರಿ ಹತ್ತು ಸೆಂಟಿಮೀಟರ್ ಮಳೆ ಸುರಿದರೆ ಆ ನೀರು ಹೋಗುವುದೆಲ್ಲಿಗೆ ಎಂಬುದನ್ನು ಯೋಚಿಸಲೇಬೇಕು. ಸರಣಿಯಲ್ಲಿ ಮೇಲಿನ ಒಂದು ಕೆರೆಯ ಕಟ್ಟೆ ಒಡೆದರೆ ಕೆಳಗಿನವೂ ತಡೆಯಲಾರವು. ಪಾಲಾರ್ ಹರಿದು ಬರುವುದು ಈ ಕೆರೆಗಳ ನಾಡಿನಿಂದಲೇ. 1903ರ ನವೆಂಬರ್‌ನಲ್ಲಿ ಅದು ಉಕ್ಕಿ ಹರಿದು ತಮಿಳುನಾಡಿನ ವಾಣಿಯಂಬಾಡಿಯನ್ನು ಹಾಳುಗೆಡವಿತು.

2021ರ ನವೆಂಬರ್‌ನ ಒಂದು ರಾತ್ರಿ ನಮ್ಮೂರ ಕೆರೆಯ ಏರಿಯ ಮೇಲೆ ಟಾರ್ಚ್ ಹಿಡಿದು ನಿಂತವರಲ್ಲಿ ನಾನೂ ಒಬ್ಬಳು. ಮೀನು ಕೋಡಿಯಲ್ಲಿ ಹೋಗದಿರಲೆಂದು ಅದಕ್ಕೆ ಅಡ್ಡಲಾಗಿ ಬಲೆ ಕಟ್ಟಿದ್ದರು. ಆ ಬಲೆಗೆ ಜೊಂಡು, ಅಂತರಗಂಗೆ, ಬಾಳೆದಿಂಡು, ಪ್ಲಾಸ್ಟಿಕ್ ಬಾಟಲಿ ಎಲ್ಲ ಸಿಕ್ಕಿಕೊಂಡು ಕೋಡಿಯೇ ಮುಚ್ಚಿದಂತಾಗಿ, ನೀರು ಏರಿಯ ತಲೆಗೆ ಒಂದು ಗೇಣು ಕೆಳಗಿತ್ತು. ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಕುಡುಗೋಲಿನಿಂದ ಬಲೆ ಕೊಯ್ದರು. ಅಷ್ಟರಲ್ಲಿ ಏರಿಯ ಹಿಂಬದಿಯಲ್ಲಿ ಒಂದು ಜಾಲಿ ಮರದ ಬುಡದಿಂದ ನೀರು ಒಸರುತ್ತಿರುವುದನ್ನು ಕಂಡವರು, ಹಿಂದೆ ಕೆರೆ ಕಾಯ್ದು ನೀರು ಬಿಡುವ ನೀರಗಂಟಿ ಕೆಲಸ ಮಾಡುತ್ತಿದ್ದ ಮನೆತನದ ಒಬ್ಬ ಅಜ್ಜ. ಅವರು ಅಂಗೈಯಲ್ಲಿ ಆ ನೀರು ಹಿಡಿದು ಬೆಳಕಿಗೆ ತೋರಿಸಿ, "ತಿಳಿಯಾಗಿರೋಗಂಟ ಭಯ ಇಲ್ಲಮ್ಮ, ಕೆಂಪಗೆ ಮಣ್ಣು ಬಂತು ಅಂದ್ರೆ ಒಳಗೆ ಏರಿ ಕರಗ್ತಾ ಐತೆ ಅಂತ ಅರ್ಥ" ಎಂದರು. ನೀರು ಕೆಂಪಾಗತೊಡಗಿತ್ತು. ಮರಳು ತುಂಬಿದ ಸಿಮೆಂಟ್ ಚೀಲಗಳನ್ನು ಬೆಳಗಿನವರೆಗೂ ಒಸರಿನ ಸುತ್ತ ಪೇರಿಸಿದ್ದರಿಂದ, ಕೋಡಿಯೂ ಬಿಟ್ಟುಕೊಂಡಿದ್ದರಿಂದ ಏರಿ ಉಳಿಯಿತು. ಆ ಅಜ್ಜ ಈಗಿಲ್ಲ. ಅವರಿಗೆ ಗೊತ್ತಿದ್ದುದನ್ನು ನಮ್ಮೂರಲ್ಲಿ ಯಾರೂ ಕಲಿತಿಲ್ಲ.

ನೀರಗಂಟಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಜಾತಿಗೆ ಅಂಟಿಕೊಂಡಿದ್ದ ಆ ಚಾಕರಿ ಹೋದದ್ದು ನ್ಯಾಯವೇ. ಆದರೆ ಹುದ್ದೆಯ ಜೊತೆಗೆ ಕೆಲಸವೂ ಅನಾಥವಾಯಿತು. ಇಂದು 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿಗೆ (ಜಮೀನಿಗೆ) ನೀರುಣಿಸುವ ಕೆರೆ ಪಂಚಾಯತಿಗೆ, ಅದಕ್ಕೂ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ, ಕೆರೆಯ ಮೀನು ಗುತ್ತಿಗೆದಾರರಿಗೆ, ಕೆರೆಯ ರಾಜಕಾಲುವೆ ಅದನ್ನು ಒತ್ತುವರಿ ಮಾಡಿದವರಿಗೆ ಎಂಬಂತಾಗಿದೆ. ಮಳೆಯ ರಾತ್ರಿ ಕೋಡಿಯ ಬಳಿ ನಿಲ್ಲುವುದು ಮಾತ್ರ ಯಾರ ಕೆಲಸವೂ ಅಲ್ಲ. ಆದ್ದರಿಂದ ನನ್ನ ಕೋರಿಕೆ ಇಷ್ಟು: ಪ್ರತಿ ಗ್ರಾಮ ಪಂಚಾಯತಿಯೂ ದಸರೆಯೊಳಗೆ ತನ್ನ ವ್ಯಾಪ್ತಿಯ ಪ್ರತಿಯೊಂದು ಕೆರೆಗೆ, ಯಾವ ಜಾತಿಯವರಾದರೂ ಸರಿ, ಇಬ್ಬರನ್ನು ಗೌರವಧನ ಕೊಟ್ಟು ನೇಮಿಸಲಿ, ಅವರ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಪಂಚಾಯತಿ ಗೋಡೆಯ ಮೇಲೆ ಬರೆಸಲಿ, ಇಂಜಿನಿಯರೊಬ್ಬರು ಅವರೊಂದಿಗೆ ಏರಿಯುದ್ದಕ್ಕೂ ನಡೆದು, ಹುತ್ತ, ಇಲಿ ಬಿಲ, ಏರಿಯ ಮೇಲೆ ಬೆಳೆದ ಮರ, ಕೆಟ್ಟ ತೂಬು ಎಲ್ಲವನ್ನೂ ಬರೆದಿಟ್ಟುಕೊಳ್ಳಲಿ. ಕೋಡಿಗೆ ಬಲೆ ಕಟ್ಟುವುದನ್ನು ಗುತ್ತಿಗೆಯ ಷರತ್ತಿನಲ್ಲೇ ನಿಷೇಧಿಸಬೇಕು. ನೀರು ಹೆಚ್ಚು ನಿಲ್ಲಲಿ ಎಂದು ಕೋಡಿಯ ಮೇಲೆ ಮಣ್ಣಿನ ಚೀಲ ಇಡುವ ನಮ್ಮ ರೈತರಿಗೂ ಇದೇ ಮಾತು ಅನ್ವಯಿಸುತ್ತದೆ.

ಮನೆಗಳ ವಿಚಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಆತಂಕ ಮಣ್ಣಿನ ಗೋಡೆಗಳದು. ಇಂಥ ಗೋಡೆ ಮಳೆ ಸುರಿಯುವಾಗಲೇ ಬೀಳುತ್ತದೆಂದು ತಿಳಿಯುವುದು ತಪ್ಪು. ಮೂರು ದಿನ ನೀರು ಕುಡಿದ ಗೋಡೆ, ಮಳೆ ನಿಂತು ಬಿಸಿಲು ಬಿದ್ದ ಮೇಲೆ, ಎಲ್ಲರೂ ನಿಟ್ಟುಸಿರು ಬಿಟ್ಟು ಒಳಗೆ ಮಲಗಿದಾಗಲೂ ಕುಸಿಯಬಹುದು. ನಮ್ಮ ಬೀದಿಯಲ್ಲಿ ಹಾಗೆಯೇ ಒಂದು ಗೋಡೆ ಬೆಳಗಿನ ಜಾವ ಬಿತ್ತು. ಅದರ ಬುಡದಲ್ಲಿ ಮಲಗುತ್ತಿದ್ದ ಮಕ್ಕಳು ಅಂದು ಅಜ್ಜಿಯ ಮನೆಯಲ್ಲಿದ್ದರು. ಹಳೆಯ ಮಣ್ಣಿನ ಮನೆಯವರಿಗೆ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಮಳೆ ನಿಂತ ಎರಡು ದಿನದವರೆಗೂ ಇರಲು ಅವಕಾಶ ಬೇಕು. ತಗಡಿನ ಶೀಟುಗಳ ಮೇಲೆ ಕಲ್ಲು ಹೇರುವ ರೂಢಿ ಬಿಟ್ಟು ತಂತಿಯಿಂದ ತೊಲೆಗೆ ಬಿಗಿಯುವುದು ಒಳ್ಳೆಯದು, ಗಾಳಿಗೆ ಶೀಟು ಎದ್ದರೆ ಕಲ್ಲೂ ತಲೆಯ ಮೇಲೆಯೇ ಬೀಳುತ್ತದೆ. ಪಹಣಿ, ಆಧಾರ್, ಪಡಿತರ ಚೀಟಿ, ನಿತ್ಯದ ಮಾತ್ರೆಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ. ಕೊಟ್ಟಿಗೆಗೆ ನೀರು ನುಗ್ಗುವ ಸೂಚನೆ ಕಂಡರೆ ಹಸುಗಳ ಹಗ್ಗ ಬಿಚ್ಚಿಬಿಡಬೇಕು. ಬಿದ್ದ ವಿದ್ಯುತ್ ತಂತಿಯ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಬೇಕು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಕಾಲು ಜಾರಿದವರು ಮೇಲೆ ಹತ್ತಲಾರರು; ಹೊಂಡವಿರುವ ಪ್ರತಿಯೊಬ್ಬರೂ ಬೇಲಿ ಹಾಕಿಸಿ, ಒಂದು ಗಟ್ಟಿ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟಿರಲಿ.

ಈ ಮಳೆ ಬರುವುದು ಸರಿಯಾಗಿ ರಾಗಿ ಕೊಯ್ಲಿನ ಹೊತ್ತಿಗೆ. ಮುನ್ಸೂಚನೆ ಇದ್ದರೆ ಕೊಯ್ಲನ್ನು ಮುಂದಕ್ಕೆ ಹಾಕಬಹುದು, ಕೊಯ್ದದ್ದನ್ನು ದಿಣ್ಣೆಯ ಮೇಲೆ ಕಲ್ಲು ಹಾಸಿ, ತೆನೆ ಒಳಮುಖವಾಗಿ ಮೆದೆ ಒಟ್ಟಿ ಟಾರ್ಪಾಲು ಹೊದಿಸಬಹುದು. ಕೊಯ್ದು ಒಣಗಲು ಹೊಲದಲ್ಲೇ ಬಿಟ್ಟ ಬೆಳೆಗೆ ಚಂಡಮಾರುತದ ಮಳೆಯಿಂದ ಹಾನಿಯಾದರೆ, ಕೊಯ್ಲಾದ 14 ದಿನಗಳವರೆಗೆ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರಕ್ಕೆ ಅವಕಾಶವಿದೆ. ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು. ಇದು ಗೊತ್ತಿಲ್ಲದೆ ನಾಲ್ಕನೆಯ ದಿನ ಹೋಗಿ ಬರಿಗೈಯಲ್ಲಿ ಹಿಂದಿರುಗಿದವರು ನಮ್ಮೂರಲ್ಲಿದ್ದಾರೆ. ವಿಮೆ ಕಟ್ಟಿಸಿಕೊಳ್ಳುವ ದಿನವೇ ಈ ಮಾತನ್ನು ರೈತರಿಗೆ ಹೇಳಬೇಕು.

ಮುನ್ಸೂಚನೆಯ ಕೊರತೆ ಇಲ್ಲ. ಹವಾಮಾನ ಇಲಾಖೆ ಚಂಡಮಾರುತ ದಡ ಮುಟ್ಟುವ ಕನಿಷ್ಠ 12 ಗಂಟೆ ಮೊದಲೇ, ದಡ ದಾಟಿದ ನಂತರ ಒಳನಾಡಿನಲ್ಲಿ ಏನಾಗಬಹುದೆಂದು ಪ್ರತ್ಯೇಕ ಸೂಚನೆ ಹೊರಡಿಸುತ್ತದೆ. ಅಂದರೆ ಅದು ನಮ್ಮಂಥ ಜಿಲ್ಲೆಗಳಿಗೆಂದೇ ಇರುವ ಸೂಚನೆ. ಅದು ಜಿಲ್ಲಾ ಕೇಂದ್ರದಿಂದ ಪಂಚಾಯತಿಯ ವಾಟ್ಸ್ಆ್ಯಪ್ ಗುಂಪಿನವರೆಗೆ ಬಂದು ಅಲ್ಲಿಯೇ ನಿಲ್ಲುತ್ತಿದೆ. ಸ್ಮಾರ್ಟ್‌ಫೋನ್ ಇಲ್ಲದ ಮುದುಕಿಗೆ, ತೋಟದ ಮನೆಯ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಅದು ಮುಟ್ಟಬೇಕಾದರೆ ದೇವಸ್ಥಾನದ ಮೈಕು, ಮಸೀದಿಯ ಮೈಕು, ಹಾಲಿನ ಡೇರಿಯ ಸಾಲು, ಕೊನೆಗೆ ತಮಟೆ ಹೊಡೆಸಿ ಸಾರಿಸುವ ಹಳೆಯ ಪದ್ಧತಿಯೇ ಬೇಕು. ಬೆಳಗ್ಗೆ ಸಂಜೆ ಎರಡು ಹೊತ್ತೂ ಊರಿನ ಅನೇಕ ಮನೆಗಳವರು ಡೇರಿಯ ಮುಂದೆ ನಿಲ್ಲುತ್ತಾರೆ. ಹಾಲು ಅಳೆಯುವವರು ಆ ದಿನದ ಎಚ್ಚರಿಕೆಯನ್ನೂ, ನಿಯಂತ್ರಣ ಕೊಠಡಿಯ 1077 ಸಂಖ್ಯೆಯನ್ನೂ ಗಟ್ಟಿಯಾಗಿ ಓದಿ ಹೇಳುವಂತೆ ಜಿಲ್ಲಾಡಳಿತ ಈ ಹಿಂಗಾರಿನಿಂದಲೇ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಾಲಾ ಶಿಕ್ಷಕಿ, ಬಂಗಾರಪೇಟೆ ತಾಲ್ಲೂಕು, ಕೋಲಾರ ಜಿಲ್ಲೆ